‘ಡ್ರಾಬ್ಯಾಕ್’ ಅಂದರೆ ‘ಆದ್ರೆ’ ಆದಮೇಲೆ ಬರುವ ಮಾತು

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಕಚೇರಿಯಲ್ಲಿ ಇಂಗ್ಲಿಷ್‌ನಲ್ಲಿ ವರದಿ ಬರೆಯಬೇಕು. ಹೋದ ವಾರ ಒಂದು ಪ್ರಿಂಟರ್ ಬಗ್ಗೆ ‘ದಿ ಡ್ರಾಬ್ಯಾಕ್ ಆಫ್ ದಿಸ್ ಪ್ರಿಂಟರ್ ಈಸ್ ದಟ್ ಇಟ್ ಡಸ್ ನಾಟ್ ವರ್ಕ್’ ಅಂತ ಬರೆದೆ. ಮೇಲಿನವರು ‘ಡ್ರಾಬ್ಯಾಕ್’ ಪದಕ್ಕೆ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದರು. ನಿಘಂಟು ನೋಡಿದರೆ ದೋಷ, ಕೊರತೆ, ಅನಾನುಕೂಲ, ಹಿನ್ನಡೆ ಅಂತೆಲ್ಲ ಇದೆ. ಹಾಗಾದರೆ ನನ್ನ ತಪ್ಪೇನು? ಡಿಸ್‌ಅಡ್ವಾಂಟೇಜ್, ಡಿಮೆರಿಟ್, ಡೌನ್‌ಸೈಡ್, ಕಾನ್ಸ್ ಎಲ್ಲಾ ಒಂದೇನಾ? ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಯಾವುದು?

ಉತ್ತರ: ನಿಮ್ಮ ವಾಕ್ಯದ ವ್ಯಾಕರಣ ಸರಿಯಾಗಿದೆ. ತಪ್ಪಿರುವುದು ಪದದ ಆಯ್ಕೆಯಲ್ಲಿ. ಆ ತಪ್ಪಿನಲ್ಲಿ ನಿಘಂಟಿಗೂ ಪಾಲಿದೆ. ನಾಲ್ಕು ಪದ ಸಾಲಾಗಿ ಕೊಟ್ಟು, ಯಾವುದು ಎಲ್ಲಿಗೆ ಅಂತ ಹೇಳದೆ ಬಿಟ್ಟರೆ ಓದುವವರು ಏನು ಮಾಡಬೇಕು? ನಾನು ಅನುವಾದ ತಿದ್ದುವ ಕೆಲಸ ಮಾಡುತ್ತೇನೆ. ಈ ಪದ ವಾರಕ್ಕೆ ಎರಡು ಸಲವಾದರೂ ನನ್ನ ಮೇಜಿಗೆ ಬರುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಾವು ದಿನಾ ಹೇಗೆ ಮಾತಾಡುತ್ತೇವೆ ನೋಡಿ. ‘ಮನೆ ಎಲ್ಲಾ ಚೆನ್ನಾಗಿದೆ, ಆದ್ರೆ ಮಧ್ಯಾಹ್ನದ ಬಿಸಿಲು ನೇರ ಒಳಗೆ ಬರುತ್ತೆ.’ ‘ಕೆಲಸ ಒಳ್ಳೇದೇ, ಆದ್ರೆ ರಾತ್ರಿ ಪಾಳಿ ಇದೆ.’ ಆ ‘ಆದ್ರೆ’ ಆದಮೇಲೆ ಬರುತ್ತದಲ್ಲ, ಅದೇ ಡ್ರಾಬ್ಯಾಕ್. ಅಂದರೆ ಮೊದಲು ಒಂದು ಒಳ್ಳೆಯ ಮಾತು ಇರಬೇಕು. ಬಾಯಿಬಿಟ್ಟು ಹೇಳದಿದ್ದರೂ ಪರವಾಗಿಲ್ಲ, ಓದುವವರ ಮನಸ್ಸಿನಲ್ಲಿ ಅದು ಇರಬೇಕು. ವಸ್ತು ಬೇಕಾದದ್ದೇ, ಕೊಳ್ಳುವಂಥದ್ದೇ, ಆದರೆ ಅದರ ಜೊತೆಗೆ ಹೀಗೊಂದು ಕಿರಿಕಿರಿ ಅಂಟಿಕೊಂಡಿದೆ. ಇಷ್ಟೂ ಅರ್ಥ ಆ ಒಂದು ಪದದೊಳಗೆ ಅಡಗಿದೆ.

ಈಗ ನಿಮ್ಮ ಪ್ರಿಂಟರ್‌ಗೆ ಬನ್ನಿ. ಅದು ಕೆಲಸವನ್ನೇ ಮಾಡುವುದಿಲ್ಲ. ‘ಆದ್ರೆ’ ಅನ್ನುವ ಮೊದಲು ಹೇಳುವುದಕ್ಕೆ ಒಳ್ಳೆಯದು ಏನು ಉಳಿದಿದೆ? ಏನೂ ಇಲ್ಲ. ಅದಕ್ಕೇ ಕೆಂಪು ಸುತ್ತು ಬಿತ್ತು.

ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ನೋಡೋಣ, ಆಗ ಸುಲಭ. ಶಾಯಿ ಪೆನ್ನು ತೆಗೆದುಕೊಳ್ಳಿ. ನಾನು ಈಗಲೂ ಅದರಲ್ಲೇ ಬರೆಯುತ್ತೇನೆ. ಬರಹ ಮೆತ್ತಗೆ ಹರಿಯುತ್ತದೆ, ಕೈ ನೋಯುವುದಿಲ್ಲ. ಆದ್ರೆ ಆಗಾಗ ಶಾಯಿ ತುಂಬಿಸಬೇಕು. ತೆಳು ಕಾಗದವಾದರೆ ಬರೆದದ್ದು ಹಿಂಬದಿಗೂ ಇಳಿಯುತ್ತದೆ. ಇವೆರಡೂ ಡ್ರಾಬ್ಯಾಕ್. ಪೆನ್ನು ಹಾಳಾಗಿಲ್ಲ. ಶಾಯಿ ಪೆನ್ನು ಅಂದಮೇಲೆ ಅದು ಹಾಗೇ ಇರುವುದು. ರಿಪೇರಿ ಮಾಡಿಸಿ ಹೋಗಲಾಡಿಸುವಂಥದ್ದಲ್ಲ.

ಅದೇ ಪೆನ್ನಿನ ಮುಚ್ಚಳ ಕೂರುತ್ತಿಲ್ಲ, ಕೊಂಡ ದಿನದಿಂದಲೇ ಸೋರುತ್ತಿದೆ ಅಂದುಕೊಳ್ಳಿ. ಅದು ಡಿಫೆಕ್ಟ್. ಅಂಗಡಿಗೆ ವಾಪಸ್ ಕೊಟ್ಟರೆ ಬದಲಾಯಿಸಿ ಕೊಡುತ್ತಾರೆ. ಶಾಯಿ ತುಂಬಿಸಬೇಕು ಅಂತ ವಾಪಸ್ ಕೊಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ. ನಿಬ್ಬನ್ನು ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟು ಬಿರುಕು ಕಂಡರೆ ಅದು ಫ್ಲಾ. ಒಂದು ವಾದದಲ್ಲಿ, ಒಂದು ಯೋಜನೆಯಲ್ಲಿ ಇರುವ ಬಿರುಕಿಗೂ ಫ್ಲಾ ಅನ್ನುತ್ತಾರೆ. ‘ಈ ಪೆನ್ನು ಉಚಿತ’ ಅಂತ ಕೊಟ್ಟು, ಆಮೇಲೆ ನೋಡಿದರೆ ಅದಕ್ಕೆ ಅದೇ ಕಂಪನಿಯ ದುಬಾರಿ ಶಾಯಿ ಕೊಳವೆ ಮಾತ್ರ ಹೊಂದುತ್ತದೆ ಅಂತ ಗೊತ್ತಾದರೆ, ಅದಕ್ಕೆ ಕ್ಯಾಚ್ ಅಂತಾರೆ. ಡ್ರಾಬ್ಯಾಕ್ ಎದುರಿಗೇ ಕಾಣುತ್ತದೆ. ಕ್ಯಾಚ್ ಮುಚ್ಚಿಟ್ಟದ್ದು. ಪರೀಕ್ಷೆಯ ಬೆಳಿಗ್ಗೆ ಆ ಪೆನ್ನೇ ಕಳೆದುಹೋದರೆ ಅದು ಸೆಟ್‌ಬ್ಯಾಕ್.

ಸೆಟ್‌ಬ್ಯಾಕ್ ಹತ್ತಿರ ಸ್ವಲ್ಪ ನಿಲ್ಲಬೇಕು. ನಾನು ಅತಿ ಹೆಚ್ಚು ತಿದ್ದುವ ತಪ್ಪು ಇದೇ. ಎರಡರ ಬಾಲದಲ್ಲೂ ‘ಬ್ಯಾಕ್’ ಇರುವುದರಿಂದ ಎರಡಕ್ಕೂ ‘ಹಿನ್ನಡೆ’ ಅಂತ ಬರೆದುಬಿಡುತ್ತಾರೆ. ನಿಮ್ಮ ನಿಘಂಟೂ ಅದನ್ನೇ ಮಾಡಿದೆ. ಹಿನ್ನಡೆ ಅನ್ನುವುದು ನಡೆಯುವ ಸಂಗತಿ. ಅದಕ್ಕೊಂದು ದಿನ, ಒಂದು ಗಳಿಗೆ ಇರುತ್ತದೆ. ಚುನಾವಣೆಯಲ್ಲಿ ಹಿನ್ನಡೆ ಆಗುತ್ತದೆ, ಚಿಕಿತ್ಸೆಯಲ್ಲಿ ಹಿನ್ನಡೆ ಆಗುತ್ತದೆ. ಡ್ರಾಬ್ಯಾಕ್ ಆಗುವುದಿಲ್ಲ, ಇರುತ್ತದೆ. ನಿಮಗೆ ಅನುಮಾನ ಬಂದಾಗ ಇದೊಂದನ್ನು ಕೇಳಿಕೊಳ್ಳಿ: ನಾನು ಹೇಳುತ್ತಿರುವುದು ‘ಆಯಿತು’ ಅನ್ನುವ ಮಾತಾ, ‘ಇದೆ’ ಅನ್ನುವ ಮಾತಾ? ‘ಆಯಿತು’ ಅಂದರೆ ಸೆಟ್‌ಬ್ಯಾಕ್. ‘ಇದೆ’ ಅಂದರೆ ಡ್ರಾಬ್ಯಾಕ್.

ಈ ಪದದ ಹಳೆಯ ಕಥೆ ಗೊತ್ತಾದರೆ ಅರ್ಥ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಡ್ರಾ ಅಂದರೆ ಎಳೆ, ಬ್ಯಾಕ್ ಅಂದರೆ ಹಿಂದಕ್ಕೆ. ಇದಕ್ಕೆ ವ್ಯಾಪಾರಿಗಳ, ಸುಂಕದವರ ಲೆಕ್ಕದಲ್ಲಿ ಒಂದು ಹಳೆಯ ಅರ್ಥವಿದೆ. ಹೊರದೇಶದಿಂದ ಸರಕು ತರಿಸುತ್ತೀರಿ, ಸುಂಕ ಕಟ್ಟುತ್ತೀರಿ. ಆಮೇಲೆ ಅದೇ ಸರಕನ್ನು ಮತ್ತೆ ಹೊರದೇಶಕ್ಕೆ ಕಳಿಸಿದರೆ ಕಟ್ಟಿದ ಸುಂಕ ವಾಪಸ್ ಸಿಗುತ್ತದೆ. ಹಾಗೆ ಹಿಂದಕ್ಕೆ ಪಡೆಯುವ ಹಣವೇ ಡ್ರಾಬ್ಯಾಕ್. ಆಡಮ್ ಸ್ಮಿತ್ 1776ರಲ್ಲಿ ಪ್ರಕಟಿಸಿದ ‘ದಿ ವೆಲ್ತ್ ಆಫ್ ನೇಷನ್ಸ್’ ಪುಸ್ತಕದ ನಾಲ್ಕನೇ ಭಾಗದಲ್ಲಿ ‘ಆಫ್ ಡ್ರಾಬ್ಯಾಕ್ಸ್’ ಅಂತ ಒಂದು ಅಧ್ಯಾಯವೇ ಇದೆ. ಅದರಲ್ಲಿ ಅನಾನುಕೂಲಗಳ ಪಟ್ಟಿ ಹುಡುಕಿದರೆ ಸಿಗುವುದಿಲ್ಲ. ಇರುವುದೆಲ್ಲ ಈ ಸುಂಕ ವಾಪಸಾತಿಯ ವಿಚಾರ. ಅಮೆರಿಕದ ಮೊದಲ ಸಂಸತ್ತು 1789ರಲ್ಲಿ ಮಾಡಿದ ಸುಂಕದ ಕಾನೂನಿನಲ್ಲೂ ಇದಕ್ಕೆ ಜಾಗ ಇತ್ತು. ಭಾರತದ 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಪದ ಇವತ್ತಿಗೂ ಅದೇ ಅರ್ಥದಲ್ಲಿ ಉಳಿದಿದೆ. ತರಿಸಿದ ಸರಕನ್ನು ಹಾಗೇ ವಾಪಸ್ ಕಳಿಸಿದರೆ ಕಟ್ಟಿದ ಸುಂಕದ ಶೇ 98ರಷ್ಟನ್ನು ಡ್ರಾಬ್ಯಾಕ್ ಆಗಿ ಕೊಡಬೇಕು ಎನ್ನುತ್ತದೆ ಅದರ 74ನೇ ಕಲಂ.

ಒಮ್ಮೆ ನನ್ನ ಕೈಗೆ ಬಂದ ಕರಡಿನಲ್ಲಿ ‘ರಫ್ತುದಾರರು ಸುಂಕದ ಅನಾನುಕೂಲಕ್ಕೆ ಅರ್ಜಿ ಸಲ್ಲಿಸಬಹುದು’ ಎಂದು ಇತ್ತು. ಓದಿ ಗಾಬರಿಯಾಯಿತು. ಹಣ ವಾಪಸ್ ಪಡೆಯುವ ದಾರಿ ಹುಡುಕುತ್ತಿರುವ ಒಬ್ಬ ಸಣ್ಣ ವ್ಯಾಪಾರಿ ಆ ವಾಕ್ಯ ಓದಿದ್ದರೆ, ಇದು ತನಗೆ ಸಂಬಂಧಪಟ್ಟದ್ದು ಅಂತಲೇ ಗೊತ್ತಾಗುತ್ತಿರಲಿಲ್ಲ. ‘ಸುಂಕ ಮರುಪಾವತಿಗೆ’ ಅಂತ ತಿದ್ದಿದೆ. ಸುಂಕ, ರಫ್ತು, ಆಮದು ಅನ್ನುವ ಮಾತು ಅಕ್ಕಪಕ್ಕ ಕಂಡರೆ ಈ ಹಳೆಯ ಅರ್ಥವನ್ನೇ ಮೊದಲು ನೆನಪು ಮಾಡಿಕೊಳ್ಳಿ.

ಸುಂಕದ ಮನೆಯಿಂದ ನಮ್ಮ ಇವತ್ತಿನ ಅರ್ಥಕ್ಕೆ ಏನು ನಂಟು? ಎರಡರಲ್ಲೂ ಚಿತ್ರ ಒಂದೇ. ಇಡಿಯಾಗಿ ಇದ್ದದ್ದರಿಂದ ಒಂದಷ್ಟನ್ನು ಹಿಂದಕ್ಕೆ ಎಳೆದುಕೊಳ್ಳುವುದು. ನಮ್ಮಲ್ಲಿ ಲೆಕ್ಕದಲ್ಲಿ ‘ಮುರಿದುಕೊಳ್ಳುವುದು’ ಅಂತಾರಲ್ಲ, ಹಾಗೆ. ಸಂಬಳದಲ್ಲಿ ಮುಂಗಡ ಮುರಿದುಕೊಳ್ಳುತ್ತಾರೆ, ಆದರೂ ಉಳಿದ ಸಂಬಳ ಕೈಗೆ ಬರುತ್ತದೆ. ಹಾಗೇ ಒಂದು ವಸ್ತುವಿನ ಒಳ್ಳೆಯತನದಿಂದ ಇಷ್ಟು ಮುರಿದುಕೊಂಡರೂ ಇನ್ನೂ ಒಳ್ಳೆಯದು ಉಳಿದಿರುತ್ತದೆ. ನಿಮ್ಮ ಪ್ರಿಂಟರ್ ವಿಷಯದಲ್ಲಿ ಮುರಿದುಕೊಳ್ಳುವುದಕ್ಕೆ ಸಂಬಳವೇ ಇರಲಿಲ್ಲ.

ಇನ್ನೊಂದು ಕಡೆಯೂ ಈ ಪದ ಸಿಗುತ್ತದೆ. ಸುನಾಮಿ ಬರುವ ಮೊದಲು ಕೆಲವೊಮ್ಮೆ ಕಡಲು ದಡ ಬಿಟ್ಟು ದೂರ ಹಿಂದೆ ಸರಿಯುತ್ತದೆ, ತಳದ ಮರಳು ಬತ್ತಲಾಗಿ ಕಾಣುತ್ತದೆ. ಅದಕ್ಕೂ ಡ್ರಾಬ್ಯಾಕ್ ಎಂದೇ ಹೆಸರು. ವಿಜ್ಞಾನದ ಬರಹದಲ್ಲಿ ಕಂಡರೆ ‘ಕಡಲು ಹಿಂದೆ ಸರಿಯುವುದು’ ಅಂತ ನೇರ ಬರೆದರೆ ಸಾಕು.

ಈಗ ಡಿಸ್‌ಅಡ್ವಾಂಟೇಜ್. ಇದರ ಬೇರಿನಲ್ಲಿ ‘ಅವಾಂ’ ಅನ್ನುವ ಫ್ರೆಂಚ್ ಪದ ಇದೆ, ‘ಮುಂದೆ’ ಅಂತ ಅರ್ಥ. ಅಡ್ವಾಂಟೇಜ್ ಅಂದರೆ ಮುಂದಿರುವುದು. ಟೆನಿಸ್‌ನಲ್ಲಿ 40-40 ಆದಮೇಲೆ ಒಬ್ಬರು ಒಂದು ಪಾಯಿಂಟ್ ಮುಂದೆ ಹೋದರೆ ‘ಅಡ್ವಾಂಟೇಜ್’ ಅಂತ ಕೂಗುವುದು ಕೇಳಿದ್ದೀರಲ್ಲ, ಅಲ್ಲಿ ಬೇರಿನ ಅರ್ಥ ಹಾಗೇ ಉಳಿದಿದೆ. (ಹಳೆಯ ಫ್ರೆಂಚ್ ಪದದಲ್ಲಿ ‘ಡ್’ ಇರಲಿಲ್ಲ. ಲ್ಯಾಟಿನ್‌ನ ‘ಆಡ್’ ಅನ್ನುವ ಉಪಸರ್ಗ ಇರಬೇಕು ಅಂದುಕೊಂಡು ಆಮೇಲೆ ಇಂಗ್ಲಿಷರು ಸೇರಿಸಿಕೊಂಡದ್ದು. ತಪ್ಪು ತಿಳಿವಳಿಕೆಯಿಂದ ಬಂದ ಅಕ್ಷರ ಈಗ ಎಲ್ಲರ ಕಾಗುಣಿತದಲ್ಲೂ ಕೂತಿದೆ.) ಅಂದಮೇಲೆ ಡಿಸ್‌ಅಡ್ವಾಂಟೇಜ್ ಅಂದರೆ ಹಿಂದೆ ಬೀಳುವುದು. ಹಿಂದೆ ಬೀಳಬೇಕಾದರೆ ಮುಂದೆ ಇನ್ನೊಬ್ಬರು ಇರಬೇಕು. ಹಾಗಾಗಿ ಈ ಪದದ ಒಳಗೆ ಯಾವಾಗಲೂ ಒಂದು ಹೋಲಿಕೆ ಇರುತ್ತದೆ.

ಮತ್ತೆ ಶಾಯಿ ಪೆನ್ನನ್ನೇ ಕೈಗೆ ತೆಗೆದುಕೊಳ್ಳೋಣ. ಎಡಗೈಯಲ್ಲಿ ಬರೆಯುವವರ ಅಂಗೈ ಅಂಚು ಬರೆದ ಸಾಲಿನ ಮೇಲೇ ಜಾರುತ್ತಾ ಹೋಗುತ್ತದೆ. ಶಾಯಿ ಒಣಗುವ ಮೊದಲೇ ಒರೆಸಿಹೋಗುತ್ತದೆ, ಕಿರುಬೆರಳ ಬದಿಯೆಲ್ಲ ನೀಲಿ. ಬಲಗೈಯವರಿಗೆ ಈ ಕಷ್ಟ ಇಲ್ಲ. ಇಲ್ಲಿ ‘ಲೆಫ್ಟ್-ಹ್ಯಾಂಡೆಡ್ ರೈಟರ್ಸ್ ಆರ್ ಅಟ್ ಎ ಡಿಸ್‌ಅಡ್ವಾಂಟೇಜ್’ ಅನ್ನಬೇಕು. ಈ ಜಾಗದಲ್ಲಿ ‘ಅಟ್ ಎ ಡ್ರಾಬ್ಯಾಕ್’ ಅನ್ನುವ ಹಾಗೇ ಇಲ್ಲ, ಇಂಗ್ಲಿಷ್‌ನಲ್ಲಿ ಅಂಥ ಮಾತಿಲ್ಲ. ವ್ಯಕ್ತಿಗೆ, ಗುಂಪಿಗೆ ಆಗುವ ಅನ್ಯಾಯದ ಬಗ್ಗೆ ಮಾತಾಡುವಾಗಲೂ ಡಿಸ್‌ಅಡ್ವಾಂಟೇಜ್ ಬರುತ್ತದೆ. ಡ್ರಾಬ್ಯಾಕ್ ಅಷ್ಟು ಗಂಭೀರ ಪದ ಅಲ್ಲ. ಬಡತನವನ್ನು, ಜಾತಿ ತಾರತಮ್ಯವನ್ನು ಡ್ರಾಬ್ಯಾಕ್ ಅಂತ ಕರೆದರೆ ನೋವನ್ನು ಹಗುರ ಮಾಡಿದ ಹಾಗಾಗುತ್ತದೆ. ಕರಡಿನಲ್ಲಿ ಹಾಗೆ ಕಂಡರೆ ನಾನು ಒಂದು ನಿಮಿಷವೂ ಯೋಚಿಸದೆ ಹೊಡೆದುಹಾಕುತ್ತೇನೆ.

ಡಿಮೆರಿಟ್ ಬಗ್ಗೆ ನನಗೆ ಹೇಳಬೇಕಾದದ್ದು ಜಾಸ್ತಿ ಇದೆ. ಏಕೆಂದರೆ ನಾವೆಲ್ಲ ಶಾಲೆಯಿಂದಲೇ ‘ಮೆರಿಟ್ಸ್ ಅಂಡ್ ಡಿಮೆರಿಟ್ಸ್’ ಅಂತ ಬಾಯಿಪಾಠ ಮಾಡಿ ಬಂದವರು. ಟಿ.ವಿ.ಯ ಡಿಮೆರಿಟ್ಸ್, ಮೊಬೈಲಿನ ಡಿಮೆರಿಟ್ಸ್, ಎಲ್ಲದಕ್ಕೂ ಅದೇ. ಭಾರತದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ, ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಬೇರೆ ದೇಶದ ಓದುಗರಿಗೆ ಬರೆಯುವಾಗ ಎಚ್ಚರ ಬೇಕು. ಅಲ್ಲಿ ಡಿಮೆರಿಟ್ ಅಂದರೆ ಮೊದಲು ಹೊಳೆಯುವುದು ತಪ್ಪು ಮಾಡಿದವರ ಹೆಸರಿನ ಮುಂದೆ ಬೀಳುವ ಕಪ್ಪು ಗುರುತು. ಆಸ್ಟ್ರೇಲಿಯಾದಲ್ಲಿ ಅತಿವೇಗವಾಗಿ ಗಾಡಿ ಓಡಿಸಿದರೆ ಲೈಸೆನ್ಸಿನ ಮೇಲೆ ಡಿಮೆರಿಟ್ ಪಾಯಿಂಟ್ ಬೀಳುತ್ತದೆ. ಹಾಗಾಗಿ ಪ್ರಿಂಟರ್‌ನ ಡಿಮೆರಿಟ್ ಅಂದರೆ ಪ್ರಿಂಟರ್ ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಅವರಿಗೆ ಕೇಳಿಸಬಹುದು. ವಸ್ತುವಿನ ಬಗ್ಗೆ ಬರೆಯುವಾಗ ಡ್ರಾಬ್ಯಾಕ್ ಅಥವಾ ಡಿಸ್‌ಅಡ್ವಾಂಟೇಜ್ ಸಾಕು.

ಈ ಪದದ ಹಿಂದೆ ಒಂದು ವಿಚಿತ್ರವೂ ಇದೆ. ಲ್ಯಾಟಿನ್‌ನಲ್ಲಿ ಇದರ ಮೂಲ ಕ್ರಿಯಾಪದಕ್ಕೆ ‘ಚೆನ್ನಾಗಿ ಗಳಿಸು, ಯೋಗ್ಯನಾಗು’ ಅನ್ನುವ ಅರ್ಥ ಇತ್ತು. ಅಲ್ಲಿನ ‘ಡಿ’ ಒತ್ತು ಕೊಡಲು ಬಂದದ್ದು, ‘ಅಲ್ಲ’ ಅನ್ನಲು ಅಲ್ಲ. ಹಾಗಾಗಿ ಹಳೆಯ ಇಂಗ್ಲಿಷ್ ಬರಹಗಳಲ್ಲಿ ಡಿಮೆರಿಟ್ ಅಂದರೆ ಯೋಗ್ಯತೆ ಅನ್ನುವ ಅರ್ಥವೂ ಸಿಗುತ್ತದೆ. ಶೇಕ್ಸ್‌ಪಿಯರ್ ನಾಟಕದಲ್ಲಿ ಒಥೆಲೊ ‘ನನ್ನ ಡಿಮೆರಿಟ್ಸ್’ ಅಂದಾಗ ಅವನು ಹೇಳುತ್ತಿರುವುದು ತನ್ನ ಹಿರಿಮೆಯನ್ನು. ಕಾಲೇಜಿನಲ್ಲಿ ಆ ನಾಟಕ ಓದುವ ಮಕ್ಕಳು ಅಲ್ಲಿ ಎಡವುತ್ತಾರೆ. ತಪ್ಪು ಅವರದಲ್ಲ.

ಡೌನ್‌ಸೈಡ್ ಮಾತಿನ ಪದ. ಷೇರು ಮಾರುಕಟ್ಟೆಯವರು ಬೆಲೆ ಬೀಳಬಹುದಾದ ಕಡೆಯನ್ನು ಡೌನ್‌ಸೈಡ್, ಏರಬಹುದಾದ ಕಡೆಯನ್ನು ಅಪ್‌ಸೈಡ್ ಅಂತಾರೆ. ಡ್ರಾಬ್ಯಾಕ್ ಬರುವ ಬಹುತೇಕ ಜಾಗದಲ್ಲಿ ಇದೂ ನಡೆಯುತ್ತದೆ. ಸ್ವಲ್ಪ ಹಗುರ, ಅಷ್ಟೇ.

ಕಾನ್ಸ್‌ಗೆ ಹೆಚ್ಚು ಜಾಗ ಕೊಡಬೇಕು. ಲ್ಯಾಟಿನ್‌ನಲ್ಲಿ ‘ಪ್ರೊ’ ಅಂದರೆ ಪರ, ‘ಕಾಂಟ್ರಾ’ ಅಂದರೆ ವಿರುದ್ಧ. ಆ ಕಾಂಟ್ರಾವನ್ನೇ ಮೊಟಕು ಮಾಡಿ ಕಾನ್ ಆಗಿದೆ. ಅಂದರೆ ಪ್ರೋಸ್ ಅಂಡ್ ಕಾನ್ಸ್ ಮೂಲದಲ್ಲಿ ನಮ್ಮ ‘ಪರ-ವಿರೋಧ’ವೇ. ಒಂದು ನಿರ್ಧಾರ ಮಾಡಬೇಕಾದಾಗ ಎರಡೂ ಕಡೆಯ ಕಾರಣಗಳನ್ನು ಎದುರುಬದುರು ಇಡುವುದಕ್ಕೆ ಈ ಮಾತು. 1772ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಸ್ನೇಹಿತ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಒಂದು ಕಾಗದ ಬರೆದ. ಪ್ರೀಸ್ಟ್ಲಿ ಒಂದು ಕೆಲಸ ಒಪ್ಪಬೇಕೋ ಬೇಡವೋ ಅನ್ನುವ ಗೊಂದಲದಲ್ಲಿದ್ದ. ಫ್ರಾಂಕ್ಲಿನ್ ‘ಹೀಗೆ ಮಾಡು’ ಅನ್ನಲಿಲ್ಲ. ಯೋಚಿಸುವ ವಿಧಾನ ಹೇಳಿಕೊಟ್ಟ. ಹಾಳೆಯ ನಡುವೆ ಒಂದು ಗೆರೆ ಎಳೆ. ಒಂದು ಕಡೆ ಪ್ರೊ, ಇನ್ನೊಂದು ಕಡೆ ಕಾನ್ ಅಂತ ಬರಿ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಆಯಾ ಕಡೆ ಬರೆಯುತ್ತಾ ಹೋಗು. ಆಮೇಲೆ ಎರಡೂ ಕಡೆ ತೂಕ ಸಮ ಇರುವುದನ್ನು ಹೊಡೆದುಹಾಕು. ಒಂದು ಪ್ರೊ ಎರಡು ಕಾನ್‌ಗೆ ಸಮ ಅನ್ನಿಸಿದರೆ ಮೂರನ್ನೂ ಹೊಡೆ. ಕೊನೆಗೆ ಉಳಿದದ್ದು ಯಾವ ಕಡೆಯೋ ನಿರ್ಧಾರ ಆ ಕಡೆ. ನಾನು ಇದನ್ನು ಮಾಡಿ ನೋಡಿದ್ದೇನೆ. ಎಣಿಸುವುದಕ್ಕಿಂತ ತೂಗುವುದು ಎಷ್ಟು ಮುಖ್ಯ ಅಂತ ಹೊಡೆಯುವಾಗ ಗೊತ್ತಾಗುತ್ತದೆ.

ಕಾನ್ಸ್ ಬಳಸುವಾಗ ಒಂದು ಎಚ್ಚರಿಕೆ. ಅದನ್ನು ಪ್ರೋಸ್ ಜೊತೆಗೇ ಬಳಸಿ. ವರದಿಯಲ್ಲಿ ‘ದಿಸ್ ಪ್ರಿಂಟರ್ ಹ್ಯಾಸ್ ಎ ಕಾನ್’ ಅಂತ ಒಂಟಿಯಾಗಿ ಬರೆದರೆ ಚೆನ್ನಾಗಿ ಕೇಳುವುದಿಲ್ಲ. ‘ಕಾನ್’ಗೆ ಮೋಸ ಅನ್ನುವ ಅರ್ಥವೂ ಇದೆ. ಆ ಪದ ಬೇರೆ, ಅದು ‘ಕಾನ್ಫಿಡೆನ್ಸ್’ನ ಮೊಟಕು ರೂಪ. 1849ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಲಿಯಂ ಥಾಂಪ್ಸನ್ ಅನ್ನುವವನು ಸಿಕ್ಕಿಬಿದ್ದ. ಅಪರಿಚಿತರ ಜೊತೆ ಸಲುಗೆಯಿಂದ ಮಾತಾಡಿ, ನನ್ನ ಮೇಲೆ ನಂಬಿಕೆ ಇಟ್ಟು ನಿಮ್ಮ ಗಡಿಯಾರ ನಾಳೆವರೆಗೆ ಕೊಡುತ್ತೀರಾ ಅಂತ ಕೇಳಿ, ಇಸಿದುಕೊಂಡು ಹೋಗುತ್ತಿದ್ದ. ಪತ್ರಿಕೆಗಳು ಅವನನ್ನು ‘ಕಾನ್ಫಿಡೆನ್ಸ್ ಮ್ಯಾನ್’ ಅಂದವು. ಇವತ್ತಿನ ‘ಕಾನ್ ಮ್ಯಾನ್’ ಅದೇ.

ಇನ್ನು ಕನ್ನಡ. ನೀವು ಕೇಳಿದ ಈ ಪ್ರಶ್ನೆಯೇ ನನಗೆ ಜಾಸ್ತಿ ಇಷ್ಟವಾದದ್ದು. ಪ್ರೋಸ್ ಅಂಡ್ ಕಾನ್ಸ್‌ಗೆ ‘ಸಾಧಕ-ಬಾಧಕ’ ಅನ್ನುವ ಜೋಡಿ ನಮ್ಮಲ್ಲಿ ಆಗಲೇ ಇದೆ. ‘ಸಾಧಕ ಬಾಧಕ ನೋಡಿ ತೀರ್ಮಾನ ಮಾಡೋಣ’ ಅಂತ ಸಭೆಗಳಲ್ಲೂ ಮನೆಯಲ್ಲೂ ಹೇಳುತ್ತೇವೆ. ಇದಕ್ಕಿಂತ ಒಳ್ಳೆಯ ಪದ ಹುಡುಕುವುದೇ ಬೇಡ. ಚರ್ಚಾಸ್ಪರ್ಧೆಯಾದರೆ ‘ಪರ-ವಿರೋಧ’. ಪುಸ್ತಕ, ಮನುಷ್ಯರ ಸ್ವಭಾವ ತೂಗಿ ನೋಡುವಾಗ ‘ಗುಣ-ದೋಷ’. ಡಿಸ್‌ಅಡ್ವಾಂಟೇಜ್‌ಗೆ ‘ಅನಾನುಕೂಲ’ ಚೆನ್ನಾಗಿ ಹೊಂದುತ್ತದೆ. ‘ದೋಷ’ವನ್ನು ಡಿಫೆಕ್ಟ್‌ಗೆ ಇಟ್ಟುಕೊಳ್ಳಿ. ‘ಕೊರತೆ’ ಅಂದರೆ ಇರಬೇಕಾದದ್ದು ಸಾಲದೆ ಹೋಗಿರುವುದು. ನೀರಿನ ಕೊರತೆ, ಶಿಕ್ಷಕರ ಕೊರತೆ. ಅದನ್ನು ಡ್ರಾಬ್ಯಾಕ್‌ಗೆ ಹಾಕಿದರೆ ಓದುಗರು ಏನೋ ಕಡಿಮೆ ಬಿದ್ದಿದೆ ಅಂತ ತಿಳಿಯುತ್ತಾರೆ. ‘ಕುಂದುಕೊರತೆ’ ಅಂದರೆ ಈಗ ಅಹವಾಲು, ದೂರು ಅನ್ನುವ ಅರ್ಥಕ್ಕೇ ಹೊರಟುಹೋಗಿದೆ.

ಹಾಗಾದರೆ ಡ್ರಾಬ್ಯಾಕ್‌ಗೆ? ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಪದ ಹುಡುಕುವ ಹಟ ಬಿಡಬೇಕು. ಕನ್ನಡ ಆ ಅರ್ಥವನ್ನು ನಾಮಪದದಲ್ಲಿ ಇಡುವುದಿಲ್ಲ, ವಾಕ್ಯದಲ್ಲಿ ಇಡುತ್ತದೆ. ‘ಇದರ ಮುಖ್ಯ ನ್ಯೂನತೆಯೆಂದರೆ ಬ್ಯಾಟರಿಯ ಅಲ್ಪಾಯುಷ್ಯ’ ಅಂತ ಒಂದು ಕರಡಿನಲ್ಲಿ ಇತ್ತು. ಅದನ್ನು ‘ಎಲ್ಲಾ ಸರಿ, ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ’ ಅಂತ ಮಾಡಿದೆ. ಆ ‘ಮಾತ್ರ’ ನೋಡಿ, ಎಷ್ಟು ಕೆಲಸ ಮಾಡುತ್ತಿದೆ! ಉಳಿದದ್ದೆಲ್ಲ ಚೆನ್ನಾಗಿದೆ ಅನ್ನುವುದನ್ನೂ ಅದೇ ಹೇಳುತ್ತದೆ, ಕಿರಿಕಿರಿ ಎಲ್ಲಿದೆ ಅನ್ನುವುದನ್ನೂ ಅದೇ ತೋರಿಸುತ್ತದೆ. ‘ಒಂದೇ ತೊಂದರೆ ಅಂದರೆ’, ‘ಬೇಜಾರು ಏನಪ್ಪಾ ಅಂದ್ರೆ’, ‘ಅದೊಂದು ಬಿಟ್ಟರೆ’ ಇವೆಲ್ಲ ನಮ್ಮ ಬಾಯಲ್ಲಿ ಸುಲಭವಾಗಿ ಬರುವ ಡ್ರಾಬ್ಯಾಕ್‌ಗಳು. ಶೀರ್ಷಿಕೆಗೋ ಪಟ್ಟಿಗೋ ನಾಮಪದ ಬೇಕೇ ಬೇಕು ಅನ್ನುವಾಗ ‘ತೊಡಕು’ ಅಥವಾ ‘ಅನಾನುಕೂಲ’ ಹಾಕಿ.

ಬಳಕೆಯ ಒಂದೆರಡು ಸಣ್ಣ ವಿಷಯ ಹೇಳಿಬಿಡುತ್ತೇನೆ. ಡ್ರಾಬ್ಯಾಕ್ ಎಣಿಸಬಹುದಾದ ಪದ. ಹಾಗಾಗಿ ‘ಎ ಡ್ರಾಬ್ಯಾಕ್’, ‘ಟು ಡ್ರಾಬ್ಯಾಕ್ಸ್’. ಆದಮೇಲೆ ‘ಆಫ್’ ಬರಬಹುದು, ‘ಟು’ ಕೂಡ ಬರಬಹುದು. ‘ದೇರ್ ಈಸ್ ಒನ್ ಡ್ರಾಬ್ಯಾಕ್ ಟು ದಿಸ್ ಪ್ಲಾನ್’ ಅನ್ನುವಲ್ಲಿ ‘ಟು’ ಕೇಳಲು ಚೆನ್ನ. ಒಂದೇ ಪದವಾಗಿ ಸೇರಿಸಿ ಬರೆದರೆ ನಾಮಪದ, ಬಿಡಿಸಿ ಬರೆದರೆ ‘ಹಿಂದೆ ಸರಿ’ ಅನ್ನುವ ಕ್ರಿಯಾಪದ. ಹೇಳುವಾಗಲೂ ವ್ಯತ್ಯಾಸ ಇದೆ. ನಾಮಪದದಲ್ಲಿ ಒತ್ತು ‘ಡ್ರಾ’ ಮೇಲೆ, ಕ್ರಿಯಾಪದದಲ್ಲಿ ‘ಬ್ಯಾಕ್’ ಮೇಲೆ. ಪರೀಕ್ಷೆಗಳಲ್ಲಿ ಅನುಕೂಲಗಳು ಅನಾನುಕೂಲಗಳನ್ನು ‘ಔಟ್‌ವೇ’ ಮಾಡುತ್ತವಾ ಅಂತ ಕೇಳುತ್ತಾರೆ. ಅಂದರೆ ಯಾವುದರ ತೂಕ ಹೆಚ್ಚು ಅಂತ. ಬರೀ ಎರಡು ಪಟ್ಟಿ ಕೊಟ್ಟರೆ ಉತ್ತರ ಆಗುವುದಿಲ್ಲ, ತಕ್ಕಡಿ ಯಾವ ಕಡೆ ವಾಲಿತು ಅಂತ ಹೇಳಬೇಕು.

ಕೆಲಸದ ಸಂದರ್ಶನದಲ್ಲಿ ನಿಮ್ಮ ಬಗ್ಗೆ ಹೇಳುವಾಗ ‘ಮೈ ಡ್ರಾಬ್ಯಾಕ್ ಈಸ್’ ಅನ್ನಬೇಡಿ. ‘ವೀಕ್ನೆಸ್’ ಅನ್ನಿ. ಡ್ರಾಬ್ಯಾಕ್ ಸಾಮಾನ್ಯವಾಗಿ ವಸ್ತುವಿಗೆ, ಯೋಜನೆಗೆ, ಪದ್ಧತಿಗೆ ಹೊಂದುವ ಮಾತು. ನೀವು ಸರಕಲ್ಲ.

ಕೊನೆಗೆ ನಿಮ್ಮ ವಾಕ್ಯ. ಪ್ರಿಂಟರ್ ಕೆಟ್ಟಿದ್ದರೆ ‘ದಿ ಪ್ರಿಂಟರ್ ಈಸ್ ನಾಟ್ ವರ್ಕಿಂಗ್’ ಅಂತ ನೇರ ಬರೆಯಿರಿ. ಅಲ್ಲಿ ಈ ಯಾವ ಪದವೂ ಬೇಡ. ಅದು ರಿಪೇರಿಯಾಗಿ ಬಂದು, ಅಚ್ಚು ಚೆನ್ನಾಗಿ ಮೂಡುತ್ತಾ, ಆದರೆ ಒಂದೊಂದು ಹಾಳೆಗೂ ನಿಮ್ಮನ್ನು ಕಾಯಿಸುತ್ತಿದ್ದರೆ, ಆಗ ಮುಂದಿನ ವರದಿಯಲ್ಲಿ ಧೈರ್ಯವಾಗಿ ಬರೆಯಿರಿ: ‘ದಿ ಪ್ರಿಂಟ್ಸ್ ಆರ್ ಶಾರ್ಪ್. ದಿ ಓನ್ಲಿ ಡ್ರಾಬ್ಯಾಕ್ ಈಸ್ ದಿ ಸ್ಪೀಡ್.’